ಕಾವಲಿನವರ ವಾರಪಾಳಿ

ಹೈದರಾಬಾದಿಗೆ ಇಬ್ಬರು ರೈಲಿನಲ್ಲಿ ಹೋಗಿಬರಲು ಮೂವತ್ತು ರೂಪಾಯಿ. ಬೆನ್ನಿಗೆ ಸೂಜಿ ಹಾಕಿ ಪರೀಕ್ಷೆಗೆ ಮೂತ್ರಪಿಂಡದ ಚೂರು ತೆಗೆದದ್ದಕ್ಕೆ ನೂರು. ತಿಂಗಳ ಗುಳಿಗೆಗೆ ಅರವತ್ತು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿ ಕಾಯುವ ಭೀಮಶ್ಯಾನ ತಿಂಗಳ ಪಗಾರ ನೂರಾ ನಲವತ್ತು. ಹೆಂಡತಿ ಶಿವಕಾಂತಮ್ಮ ಎರಡು ಆಡು ಮಾರಿದಳು.

ಹೈದರಾಬಾದಿನ ಡಾಕ್ಟರು ಮೂಲತಃ ಚಿತ್ತಾಪುರ ಕಡೆಯವರು. ಕನ್ನಡದಲ್ಲೇ ಬಿಡಿಸಿ ಹೇಳಿದರು: ಮೂತ್ರಪಿಂಡದೊಳಗೇ ಮನೆ ಮಾಡಿಕೊಂಡಿರುವ ಕಾವಲಿನ ಜೀವಕೋಶಗಳಿರುತ್ತವೆ. ಕಸ ನುಂಗುತ್ತವೆ, ಕೆಟ್ಟದ್ದನ್ನು ರಿಪೇರಿ ಮಾಡುತ್ತವೆ. ಭೀಮಶ್ಯಾನೊಳಗೆ ಅವು ರೊಚ್ಚಿಗೆದ್ದು, ಹೊರಗಿನವರನ್ನೂ ಕರೆದುಕೊಂಡು, ಇರುವ ಮನೆಯನ್ನೇ ಕೆಡವುತ್ತಿವೆ. ಗುಳಿಗೆ ಅವನ್ನು ಮಲಗಿಸುತ್ತದೆ, ಒಂದು ದಿನವೂ ತಪ್ಪಿಸಬಾರದು.

"ಕಾವಲಿನವರೇ ಮಕ್ಕೊಂಡ್ರ ಮನೀ ಯಾರು ನೋಡ್ತಾರ್ರಿ ಸಾಹೇಬ್ರ?" ಎಂದ ಭೀಮಶ್ಯಾ.

ಡಾಕ್ಟರು ನಕ್ಕರು. ಶಿವಕಾಂತಮ್ಮನೂ ನಕ್ಕಳು. ಅವನು ನಗಲಿಲ್ಲ.

ತಿಂಗಳೊಳಗೆ ಮುಖದ ಬಾವು ಇಳಿಯಿತು, ಅವನು ಕೆಲಸಕ್ಕೆ ಮರಳಿದ. ಗಣಿಯಲ್ಲಿ ರಾತ್ರಿ ಕಾವಲಿಗೆ ವಾರಪಾಳಿ: ಒಂದು ವಾರ ಅವನು, ಒಂದು ವಾರ ಜೊತೆಗಾರ ಮೌಲಾಲಿ. ಪಾಳಿಯಲ್ಲಿ ಕಣ್ಣು ಮುಚ್ಚಿದವನನ್ನು ಮರುದಿನವೇ ತೆಗೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಭೀಮಶ್ಯಾ ಕಣ್ಣು ಮುಚ್ಚಿರಲಿಲ್ಲ.

ನಾಲ್ಕನೆಯ ತಿಂಗಳು ಕಾಲು ಬಾತವು. ಉಚ್ಚೆ ಚಹಾದ ಬಣ್ಣಕ್ಕೆ ತಿರುಗಿತು. ಶಿವಕಾಂತಮ್ಮ ಡಬ್ಬಿ ತೆಗೆದು ನೋಡಿದರೆ ಅರ್ಧದಷ್ಟು ಗುಳಿಗೆಗಳು ಹಾಗೇ ಇದ್ದವು. ಕೇಳಿದ್ದಕ್ಕೆ ಅವನು ಮುಚ್ಚಿಡಲಿಲ್ಲ.

"ಒಂದು ವಾರ ಗುಳಿಗಿ ನುಂಗಿ ಕಾವಲಿನವರನ್ನ ಮಲಗಿಸ್ತಿದ್ದೆ, ಒಂದು ವಾರ ಬಿಟ್ಟು ಎಬ್ಬಸ್ತಿದ್ದೆ. ಯಾರರ ಒಬ್ಬರು ಎಚ್ಚರ ಇರಬೇಕಲ್ಲ."

ಅವಳಿಗೆ ಬೈಯಲೂ ತ್ರಾಣವಿರಲಿಲ್ಲ. "ಅಲ್ಲಿ ನೀ ಕಾಯೋದು ಕಲ್ಲು," ಎಂದಳು. "ಇಲ್ಲಿರೋದು ಮಾಂಸ ಅದ."

ಮತ್ತೆ ಹೈದರಾಬಾದು, ಮತ್ತೆ ಸೂಜಿ. ಗುಳಿಗೆ ಬಿಟ್ಟ ವಾರಗಳಲ್ಲಿ ಕಾವಲಿನವು ದುಪ್ಪಟ್ಟು ಕೆಡವಿದ್ದವು. ಗಾಯವಾಗಿ ಗಡುಸಾದ ಭಾಗ ಇನ್ನು ತಿರುಗಿ ಬಾರದು, ಉಳಿದದ್ದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು. ತಪ್ಪು ತಮ್ಮದೂ ಹೌದು, ಅವನು ಕೇಳಿದಾಗ ತಾವು ನಗಬಾರದಿತ್ತು ಎಂದೂ ಹೇಳಿದರು.

ಈಗ ಎರಡು ವಾರವೂ ಮೌಲಾಲಿಯೇ ಗಣಿ ಕಾಯುತ್ತಾನೆ. ಶಿವಕಾಂತಮ್ಮ ದಿನಾ ಮುಂಜಾನೆ ಉಪ್ಪಿಲ್ಲದ ರೊಟ್ಟಿ ಕೊಟ್ಟು, ಗುಳಿಗೆ ಅವನ ಅಂಗೈಗೆ ಹಾಕಿ, ನುಂಗುವವರೆಗೆ ಎದುರಿಗೆ ಕೂಡುತ್ತಾಳೆ. ಆಮೇಲೆ ಕಲ್ಲು ಹೊರಲು ಹೋಗುತ್ತಾಳೆ.

ಅರ್ಧದಷ್ಟು ಮೂತ್ರಪಿಂಡ ಹೋಯಿತು, ಕೆಲಸ ಹೋಯಿತು. ಮನುಷ್ಯ ಉಳಿದ.