ಮಂಗಳವಾರ, ಗುರುವಾರ

ನನ್ನ ಮಗಳು ತನ್ನ ಕೂಸನ್ನು ವಾರಕ್ಕೆ ಮೂರೇ ದಿನ ಶಾಲೆಗೆ ಕಳಿಸುತ್ತೇನೆ ಎಂದಾಗ ನಾನು ಕತ್ತರಿ ಕೆಳಗಿಟ್ಟು ಜಗಳಕ್ಕೇ ನಿಂತೆ.

“ಅರ್ಧ ಮನೆ, ಅರ್ಧ ಶಾಲೆ! ಎರಡು ದೋಣಿ ಮೇಲೆ ಕಾಲಿಟ್ಟೋರು ದಡ ಸೇರ್ತಾರೇನೇ?”

“ಸೋಮವಾರ, ಬುಧವಾರ, ಶುಕ್ರವಾರ ನಾನು ಆಸ್ಪತ್ರೇಲಿ ಡಯಾಲಿಸಿಸ್‌ಗೆ ಮಲಗಿರ್ತೀನಿ. ಆಗ ಶಾಲೆಗೆ ಹೋಗ್ಲಿ. ಉಳಿದೆರಡು ದಿನ ಅವಳು ನನಗೆ ಬೇಕಮ್ಮ. ನನಗೆಷ್ಟು ದಿನ ಉಳಿದಿದ್ಯೋ!”

ಮುಖ್ಯೋಪಾಧ್ಯಾಯಿನಿ ಒಪ್ಪಿದರು. ನಾನು ಒಪ್ಪಲಿಲ್ಲ. ಆದರೂ ಮಂಗಳವಾರ, ಗುರುವಾರ ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ ಪಾಠ ನಡೆಯುತ್ತಿತ್ತು. ನನ್ನ ಚೂರುಬಟ್ಟೆಗಳನ್ನೇ ಮಡಿಸಿ ಮಗಳು ಅರ್ಧ, ಕಾಲು ಎಂದು ಭಿನ್ನರಾಶಿ ಕಲಿಸುತ್ತಿದ್ದಳು.

“ಅಜ್ಜಿ ಕೋಪಾನ ಕಾಲಿಗೆ ಮಡಿಸಿದ್ರೂ ಊರಿಗೆಲ್ಲ ಸಾಕಾಗುತ್ತೆ,” ಎನ್ನುತ್ತಿತ್ತು ಚಿನಕುರಳಿ. ಮೊಮ್ಮಗಳನ್ನು ನಾನು ಕರೆಯುವುದೇ ಹಾಗೆ. ತಾಯಿ ಮಗಳಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಗುರುವಾರ ತರಗತಿಯ ಫೋಟೋ ತೆಗೆಯುತ್ತಾರೆ ಎಂದು ಒಮ್ಮೆ ಶಾಲೆಯಿಂದ ಚೀಟಿ ಬಂತು.

“ಬೇಡಮ್ಮ, ಅದು ನನ್ನ ದಿನ. ಕಾಲು ಮುಗೀತು, ಅದರರ್ಧ ಅರೆಕಾಲು ಹೇಳ್ಕೊಡ್ತೀನಿ ಅಂದಿದೀನಿ,” ಎಂದಳು ಮಗಳು. ಮುಖ ಬಿಳಿಚಿಕೊಂಡಿತ್ತು.

ನನ್ನ ಮೊಲಕ್ಕೆ ಮೂರೇ ಕಾಲು. “ಪಾಠ ಎಲ್ಲಿಗೆ ಓಡಿಹೋಗುತ್ತೆ? ಮಂಗಳವಾರ ಮಾಡ್ಕೋ. ಫೋಟೋದಲ್ಲಿ ಮಗುವೇ ಇಲ್ದಿದ್ರೆ ಹೇಗೆ?”

ವಾದ ಮಾಡಲು ಅವಳಿಗೆ ತ್ರಾಣವಿರಲಿಲ್ಲ. ತಾನೇ ಎರಡು ಜಡೆ ಹೆಣೆದು ಕಳಿಸಿದಳು. ಚೂರುಬಟ್ಟೆ ತೊಡೆಯ ಮೇಲಿಟ್ಟುಕೊಂಡು ದಿನವಿಡೀ ಕಿಟಕಿಯ ಬಳಿ ಕೂತಳು. ಮಗು ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಎಬ್ಬಿಸಬೇಡ ಎಂದವಳೂ ನಾನೇ.

ಮಾರನೆಯ ದಿನ ಡಯಾಲಿಸಿಸ್ ನಡೆಯುವಾಗಲೇ ಅವಳ ಹೃದಯ ನಿಂತುಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಯ್ಯೋ, ಏನು ಮಾಡಿಬಿಟ್ಟೆ ನಾನು!

ಈಗ ಚಿನಕುರಳಿ ಐದೂ ದಿನ ಶಾಲೆಗೆ ಹೋಗುತ್ತದೆ. ನಾನು ಬಯಸಿದ್ದೇ ಆಯಿತು. ಮೊನ್ನೆ ಫೋಟೋ ತಂದಿತು. ಮುಂದಿನ ಸಾಲಿನಲ್ಲಿ ನಗುತ್ತಾ ಕೂತಿದೆ. ಕಾಲ ಬಳಿಯ ಸ್ಲೇಟಿನಲ್ಲಿ ತರಗತಿ, ತಾರೀಖು, ವಾರ ಬರೆದಿತ್ತು. ಮಗು ಅದರ ಮೇಲೆ ಬೆರಳಿಟ್ಟಿತು.

“ಅಜ್ಜಿ, ಇದು ಅಮ್ಮನ ಗುರುವಾರ.”

“ಹೌದು ಕಂದ. ನಾನೇ ಕಿತ್ಕೊಂಡೆ.”

ಅದು ಅಳಲಿಲ್ಲ, ಬೈಯಲೂ ಇಲ್ಲ. ಫೋಟೋವನ್ನು ಅರ್ಧಕ್ಕೆ ಮಡಿಸಿತು, ಮತ್ತೆ ಕಾಲಿಗೆ ಮಡಿಸಿತು. ಅಲ್ಲಿಗೆ ನಿಂತಿತು.

“ಇನ್ನೊಂದು ಸಲ ಮಡಿಸಿದ್ರೆ ಏನಾಗುತ್ತೆ ಅಜ್ಜಿ? ಅಮ್ಮ ಹೇಳ್ಲೇ ಇಲ್ಲ.”

ನಲವತ್ತು ವರ್ಷ ಬಟ್ಟೆ ಅಳೆದು ಕತ್ತರಿಸಿದವಳು ನಾನು. ಅರೆಕಾಲು ಎನ್ನಲು ನನಗೆ ಬಾಯಿ ಬರಲಿಲ್ಲ.