ಇನ್ನೂರ ಹತ್ತು ಕಿಲೋದ ದೈತ್ಯ

ಹೆಂಡತಿಯ ನಗು ಕೆಳಗಿನ ಹೊಲಿಗೆ ಅಂಗಡಿಯಿಂದ ಮೆಟ್ಟಿಲು ಹತ್ತಿ ಬಂದಾಗ ನಕ್ಷೆಗಾರ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ. ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ. ಅದು ಗಿರಾಕಿಗಳ ಮುಂದೆ ನಗುವ ಅಳತೆಯ ನಗುವಲ್ಲ. ಮಾತು ಮುಗಿಸಲಾಗದೆ, ಮೇಜು ಬಡಿದು, ಉಸಿರು ಸಿಕ್ಕಿಕೊಂಡು ನಗುವ ನಗು. ಹನ್ನೆರಡು ವರ್ಷದ ಸಂಸಾರದಲ್ಲಿ ಅವನು ಅಂಥದ್ದನ್ನು ಬೆರಳೆಣಿಕೆಯಷ್ಟು ಸಲ ಕೇಳಿದ್ದ. ಈ ತಿಂಗಳು ಇದು ಮೂರನೆಯದು, ಮೂರೂ ಭಾನುವಾರವೇ.

ಲೋಟ ತೊಳೆದಾಗಿತ್ತು. ಅವನು ಅದನ್ನೇ ಮತ್ತೆ ತೊಳೆದ.

ಕೆಳಗೆ ನಡೆಯುತ್ತಿದ್ದುದು ಕತೆಯಾಟ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ, ಈಗ ನಾನು ಹೀಗೆ ಮಾಡುತ್ತೇನೆ ಎನ್ನುತ್ತಾರೆ. ಅದು ಆದೀತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ: ದೊಡ್ಡ ಅಂಕಿ ಬಿದ್ದರೆ ಗೆದ್ದಂತೆ, ಚಿಕ್ಕದು ಬಿದ್ದರೆ ಕೆಟ್ಟಂತೆ. ಒಂದೊಂದು ಕತೆ ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ಸಾಗುತ್ತದೆ.

ಈ ಊರಿಗೆ ಆ ಆಟವನ್ನು ತಂದವನೇ ನಕ್ಷೆಗಾರ. ಒಂಬತ್ತು ವರ್ಷ ಮೇಲಿನ ಹಾಲ್‌ನಲ್ಲಿ ನಡೆಸಿದ್ದ. ಕೊನೆಯ ಎರಡು ವರ್ಷ ದೈತ್ಯರ ಕತೆ. ಅದು ಮೂರು ತಿಂಗಳ ಹಿಂದೆ ನಿಂತುಹೋಯಿತು. ಜಗಳ ಆಗಲಿಲ್ಲ, ಯಾರೂ ಬಿಡುತ್ತೇನೆಂದು ಹೇಳಲಿಲ್ಲ. ಆಡುತ್ತಿದ್ದವರಲ್ಲಿ ಲಿಫ್ಟ್ ಮೆಕ್ಯಾನಿಕ್‌ನಿಗೆ ಶಿಫ್ಟ್ ಬದಲಾಯಿತು. ಗ್ರಂಥಾಲಯದಾಕೆಗೆ ಬೆನ್ನುನೋವು ಬಂತು. ಆಮೇಲೆ ಅವನ ನಾದಿನಿ, ಹೆಂಡತಿಯ ತಂಗಿ, ಅಕ್ಕನ ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ತನ್ನದೊಂದು ಆಟ ಶುರು ಮಾಡಿದಳು. ಶಿಫ್ಟ್ ಸರಿಹೋಯಿತು, ಬೆನ್ನುನೋವೂ ವಾಸಿಯಾಯಿತು.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಒಂಬತ್ತು ವರ್ಷ ತನ್ನ ಮೇಜಿನ ಹತ್ತಿರ ಸುಳಿಯದ ಹೆಂಡತಿ ಅಲ್ಲಿ ಆಡುತ್ತಿದ್ದಳು. ಅದು ಗಂಟಲಲ್ಲಿ ಇಳಿಯಲಿಲ್ಲ.

ಆಟ ಮುಗಿದ ಮೇಲೆ ನಾದಿನಿ ಮೇಲೆ ಬಂದಳು. ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವಳದು. ದಿನವಿಡೀ "ಉಸಿರು ಹಿಡೀರಿ, ಬಿಡಿ" ಎಂದು ಹೇಳಿ ಹೇಳಿ ಮನೆಯಲ್ಲೂ ಮಾತು ಹಾಗೇ ಬರುತ್ತಿತ್ತು.

"ಭಾವ, ಒಂದು ಸಹಾಯ ಬೇಕು. ಇಲ್ಲ ಅನ್ನಬೇಡಿ. ಮುಂದಿನ ವಾರ ನನ್ನವರೆಲ್ಲ ದೈತ್ಯರ ದೇಶಕ್ಕೆ ಕಾಲಿಡ್ತಾರೆ. ನನಗೆ ದೈತ್ಯರ ತಲೆ ಬುಡ ಗೊತ್ತಿಲ್ಲ. ನಿಮ್ಮ ನೋಟ್‌ಬುಕ್ ಕೊಡ್ತೀರಾ?"

ನನ್ನವರೆಲ್ಲ ಎಂದಳಲ್ಲ, ಆ ಮಾತು ಉಗುರಿನ ಸಂದಿಗೆ ಹೊಕ್ಕ ಸಿಬಿರಿನಂತೆ ಚುಚ್ಚಿತು.

"ನೋಟ್‌ಬುಕ್ ನಿನಗೆ ಅರ್ಥವಾಗಲ್ಲ. ಎಲ್ಲ ಗೀಚುಬರಹ. ನಾನೇ ನೀಟಾಗಿ ಬರೆದು ಕೊಡ್ತೀನಿ ಬಿಡು."

"ಅಯ್ಯೋ, ಭಾವ ಅಂದ್ರೆ ಭಾವ!"

ಬುಧವಾರ ಕಚೇರಿಯ ಊಟದ ವಿರಾಮದಲ್ಲಿ ಅವನು ಬರೆಯಲು ಕೂತ. ಕಟ್ಟಡ ಪರವಾನಗಿ ಕಚೇರಿಯಲ್ಲಿ ಅವನ ಕಣ್ಣಿಗೆ ಎಲ್ಲರೂ ಹೆದರುತ್ತಿದ್ದರು. ಮೆಟ್ಟಿಲಿನ ಎತ್ತರ ಅರ್ಧ ಇಂಚು ಹೆಚ್ಚಿದ್ದರೂ ನಕ್ಷೆ ವಾಪಸ್. ಬರೆಯತೊಡಗಿದ ಮೇಲೆ ಹೊಟ್ಟೆಕಿಚ್ಚು ಎಲ್ಲೋ ಬದಿಗೆ ಸರಿಯಿತು. ಅದು ಅವನಿಗೆ ಅಷ್ಟು ಇಷ್ಟದ ವಿಷಯ.

ಮೊದಲ ದಿನವೇ ದೈತ್ಯನನ್ನು ತೋರಿಸಬೇಡ, ಎಂದು ಬರೆದ. ಅವನು ಬಿಟ್ಟುಹೋದದ್ದನ್ನು ತೋರಿಸು. ಮಳೆನೀರು ತುಂಬಿದ ಹೆಜ್ಜೆಗುರುತು, ಅದರಲ್ಲಿ ಬಾತುಕೋಳಿ ಈಜುತ್ತಿರಲಿ. ಎತ್ತರ ಹದಿನೆಂಟು ಅಡಿ ಸಾಕು, ಮನುಷ್ಯನ ಮೂರು ಪಟ್ಟು. ನೂರು ಅಡಿ ಮಾಡಿದರೆ ಅವನು ಬೆಟ್ಟವಾಗುತ್ತಾನೆ, ಬೆಟ್ಟದ ಜೊತೆ ಯಾರೂ ಮಾತಾಡುವುದಿಲ್ಲ. ಅವನ ಮನೆಯ ಮೆಟ್ಟಿಲು ಒಂದೂವರೆ ಅಡಿ. ಇಪ್ಪತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ವೀರರ ಪೌರುಷ ಇಳಿದಿರುತ್ತದೆ. ಬಾಗಿಲ ಚಿಲಕ ಹತ್ತೂವರೆ ಅಡಿ ಮೇಲೆ. ಬಾಗಿಲು ತೆಗೆಯುವುದೇ ಅರ್ಧ ಗಂಟೆಯ ಆಟ. ಬರೀ ಹೊಡೆದಾಟ ಇಡಬೇಡ. ದೈತ್ಯರಲ್ಲೂ ಅತ್ತೆ ಸೊಸೆ, ಅಣ್ಣ ತಮ್ಮ, ಮಾತು ಬಿಟ್ಟವರು ಇರುತ್ತಾರೆ. ಆ ಜಗಳದ ನಡುವೆ ಆಟಗಾರರನ್ನು ಸಿಕ್ಕಿಸು.

ಆಮೇಲೆ ತೂಕಕ್ಕೆ ಬಂದ. ಪೆನ್ನು ನಿಂತಿತು.

ಎತ್ತರ ಮೂರು ಪಟ್ಟಾದರೆ ಅಗಲವೂ ಮೂರು, ದಪ್ಪವೂ ಮೂರು. ತೂಕ ಇಪ್ಪತ್ತೇಳು ಪಟ್ಟು. ಎಪ್ಪತ್ತು ಕಿಲೋದ ಮನುಷ್ಯ ಸಾವಿರದ ಎಂಟುನೂರ ತೊಂಬತ್ತು ಕಿಲೋದ ದೈತ್ಯನಾಗುತ್ತಾನೆ. ಅವನಿಗೆ ಇದು ನಿದ್ದೆಯಲ್ಲೂ ಗೊತ್ತು. ಆ ಮೇಜಿನ ಮುಂದೆ ಲಿಫ್ಟ್ ಮೆಕ್ಯಾನಿಕ್ ಕೂತಿರುತ್ತಾನೆಂಬುದೂ ಗೊತ್ತು. ಅವನ ಮುಂದೆ ಯಾರಾದರೂ ಭಾರದ ಮಾತು ತಪ್ಪಿ ಹೇಳಿದರೆ ಮುಗಿಯಿತು, ವರ್ಷವಿಡೀ ಆಡಿಕೊಳ್ಳುತ್ತಾನೆ. ಎಲ್ಲರೂ ನಗುತ್ತಾರೆ. ಹೆಂಡತಿಯೂ ನಗುತ್ತಾಳೆ, ಆದರೆ ಈ ಸಲ ಬೇರೆ ನಗು.

'ತೂಕ: ಇನ್ನೂರ ಹತ್ತು ಕಿಲೋ' ಎಂದು ಬರೆದ. ಅಂದವಾಗಿ, ನಕ್ಷೆಯ ಮೇಲೆ ಬರೆಯುವ ಅಕ್ಷರದಲ್ಲಿ. ಕೆಳಗೆ ಒಂದು ಗೆರೆಯನ್ನೂ ಎಳೆದ.

ಮುಂದಿನ ಭಾನುವಾರ ಅವನು ಪತ್ರಿಕೆ ಹಿಡಿದು ಅಂಗಡಿಗಿಳಿದ. ಮೇಲೆ ಸೆಖೆ ಎಂಬ ನೆಪ. ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂತು ಪುಟ ಬಿಚ್ಚಿದ. ಕತ್ತರಿಸುವ ಮೇಜಿನ ಸುತ್ತ ನಾಲ್ವರು: ನಾದಿನಿ, ಹೆಂಡತಿ, ಮೆಕ್ಯಾನಿಕ್, ಗ್ರಂಥಾಲಯದಾಕೆ. ದಾರದ ಉಂಡೆಗಳನ್ನು ಸಾಲಾಗಿ ನಿಲ್ಲಿಸಿ ಹಳ್ಳಿ ಮಾಡಿದ್ದರು. ಉದ್ದದ ಕತ್ತರಿ ನದಿ.

"ಗುರುಗಳೇ, ಬನ್ನಿ ಈ ಕಡೆ," ಎಂದ ಮೆಕ್ಯಾನಿಕ್.

"ಇಲ್ಲಪ್ಪ, ನೀವು ಆಡಿ. ನಾನು ಪೇಪರ್ ನೋಡ್ತೀನಿ."

ಹೆಜ್ಜೆಗುರುತಿನಲ್ಲಿ ಈಜುವ ಬಾತುಕೋಳಿಗೆ ಮೇಜಿನವರೆಲ್ಲ ಬೆರಗಾದರು. ಒಂದೂವರೆ ಅಡಿಯ ಮೆಟ್ಟಿಲಲ್ಲಿ ಮೆಕ್ಯಾನಿಕ್‌ನ ಕುಳ್ಳ ಯೋಧ ಎರಡು ಸಲ ಉರುಳಿದ. ಎಲ್ಲ ತನ್ನದೇ ಸರಕು. ಆದರೆ ನಾದಿನಿಯ ಬಾಯಲ್ಲಿ ಅದಕ್ಕೆ ಬಣ್ಣ ಬಂದಿತ್ತು. ಅವಳು ಅಂಕಿ ಹೇಳುತ್ತಿರಲಿಲ್ಲ, ಮಂಡಿ ಹಿಡಿದುಕೊಂಡು ಏದುಸಿರು ಬಿಟ್ಟು ತೋರಿಸುತ್ತಿದ್ದಳು. ನಕ್ಷೆಗಾರನಿಗೆ ತನ್ನ ಅಂಗಿಯನ್ನು ಇನ್ನೊಬ್ಬರು ಹಾಕಿಕೊಂಡು, ಅದು ಅವರಿಗೇ ಹೆಚ್ಚು ಒಪ್ಪಿದ್ದನ್ನು ಕಂಡಂತಾಯಿತು.

"ರೀ, ಒಂದೇ ಪುಟ ಎಷ್ಟು ಹೊತ್ತು ಓದ್ತೀರಿ?" ಎಂದಳು ಹೆಂಡತಿ, ತಿರುಗಿ ನೋಡದೆ.

ಅವಳ ಪಾತ್ರ ಊರೂರು ಅಲೆಯುವ ದರ್ಜಿ. ದೈತ್ಯ ಎದುರಾದಾಗ ಉಳಿದವರು ಕತ್ತಿ ಹಿರಿದರೆ ಅವಳು ಕೇಳಿದಳು: "ನಿನ್ನ ಅಂಗಿ ಯಾರು ಹೊಲಿದ್ರು? ತೋಳು ಕೆಟ್ಟದಾಗಿ ಕೂತಿದೆ."

ನಾದಿನಿ ಗಂಟಲು ಇಳಿಸಿ ದೈತ್ಯನಾದಳು. "ನಮ್ಮವ್ವ. ಈಗ ಅವಳಿಗೆ ಕಣ್ಣು ಕಾಣಲ್ಲ."

"ನಾನು ಹೊಲಿದು ಕೊಡ್ತೀನಿ. ಮನುಷ್ಯನಿಗೆ ಎರಡೂವರೆ ಮೀಟರ್. ನಿನಗೆ ಉದ್ದವೂ ಮೂರು ಪಟ್ಟು, ಅಗಲವೂ ಮೂರು ಪಟ್ಟು, ಅಂದ್ರೆ ಅದರ ಒಂಬತ್ತು ಪಟ್ಟು, ಇಪ್ಪತ್ತೆರಡೂವರೆ. ಬಟ್ಟೆ ನಮ್ಮೂರಲ್ಲಿದೆ, ಸೇತುವೆ ದಾಟಿ ಬಾ."

"ಸೇತುವೆ ತಡೆಯುತ್ತಾ?" ಎಂದಳು ಗ್ರಂಥಾಲಯದಾಕೆ.

ನಕ್ಷೆಗಾರ ಪತ್ರಿಕೆಯನ್ನು ಅಲುಗಾಡದಂತೆ ಹಿಡಿದ.

ನಾದಿನಿ ಅವನ ಹಾಳೆ ನೋಡಿದಳು. "ಹಗ್ಗದ ಸೇತುವೆ. ಐನೂರು ಕಿಲೋ ತಡೆಯುತ್ತೆ. ದೈತ್ಯ ಇನ್ನೂರ ಹತ್ತು. ಆರಾಮಾಗಿ ದಾಟಿಬಿಟ್ಟ."

"ತಡೀರಿ, ತಡೀರಿ!" ಮೆಕ್ಯಾನಿಕ್ ಎದ್ದೇ ನಿಂತ. "ಹದಿನೆಂಟಡಿ ಆಳು ಇನ್ನೂರ ಹತ್ತಾ? ಆರು ಜನದ ಲಿಫ್ಟ್‌ಗೆ ನಾನೂರ ಎಂಟು ಅಂತ ಬೋರ್ಡ್ ಹಾಕ್ತೀವಿ. ನಿಮ್ಮ ದೈತ್ಯ ಮೂರು ಜನದ ತೂಕ ಅಷ್ಟೇನಾ? ಮೂರ್ಮೂರ್ಲ ಒಂಬತ್ತು, ಒಂಬತ್ಮೂರ್ಲ ಇಪ್ಪತ್ತೇಳು! ಹೆಚ್ಚುಕಮ್ಮಿ ಸಾವಿರದ ಒಂಬೈನೂರು ಇರಬೇಕು ಕಣ್ರೀ. ದೈತ್ಯನೋ ಬಲೂನೋ?"

ಗ್ರಂಥಾಲಯದಾಕೆ ಬಾಯಿಗೆ ಕೈ ಅಡ್ಡ ಹಿಡಿದಳು. ಹೆಂಡತಿ ಮಾತ್ರ ನಗಲಿಲ್ಲ. ಅವಳು ತಂಗಿಯ ಕೈಯಲ್ಲಿದ್ದ ಹಾಳೆಯನ್ನು, ಆ ಅಂದದ ಅಕ್ಷರವನ್ನು ನೋಡುತ್ತಿದ್ದಳು.

ನಾದಿನಿಯ ಮುಖ ಕೆಂಪಾಯಿತು. ನಕ್ಷೆಗಾರ ಪತ್ರಿಕೆಯ ಅಂಚಿನಿಂದ ನೋಡಿದ. ಇದನ್ನೇ ಅಲ್ಲವೇ ಬುಧವಾರದಿಂದ ಕಾದದ್ದು?

ಅವಳು ಹಾಳೆಯನ್ನು ಬೋರಲು ಹಾಕಿದಳು.

"ಇನ್ನೂರ ಹತ್ತೇ," ಎಂದಳು ನಿಧಾನವಾಗಿ. "ಸೇತುವೆ ಸ್ವಲ್ಪವೂ ಜಗ್ಗಲಿಲ್ಲ. ನೀವೆಲ್ಲ ಕಣ್ಣಾರೆ ನೋಡಿದಿರಿ. ಅಂದ್ರೆ ಸಾವಿರದ ಆರುನೂರ ಎಂಬತ್ತು ಕಿಲೋ ಕಮ್ಮಿ. ಅದು ಎಲ್ಲಿ ಹೋಯ್ತು?"

ಮೆಕ್ಯಾನಿಕ್ ಕೂತ. ಕೂತವನು ಮುಂದಕ್ಕೆ ಬಗ್ಗಿದ.

"ಮಂತ್ರ ಇರಬೇಕು," ಎಂದಳು ಗ್ರಂಥಾಲಯದಾಕೆ.

"ಮಂತ್ರ ಗಿಂತ್ರ ಬೇಡ. ನಾನು ಅಂಗಿಗೆ ಎದೆ ಅಳತೆ ತಗೋತೀನಿ," ಎಂದಳು ಹೆಂಡತಿ. "ತಗೊಳ್ಳೋವಾಗ ಕಿವಿ ಇಟ್ಟು ಕೇಳ್ತೀನಿ." ದಾಳ ಉರುಳಿಸಿದಳು. ಹದಿನೇಳು.

ನಾದಿನಿ ಕಣ್ಣು ಮುಚ್ಚಿದಳು. ದಿನಕ್ಕೆ ಅರವತ್ತು ಜನರ ಎದೆಯೊಳಗನ್ನು ನೋಡುವವಳು. "ಎದೆ ಬಡಿತ ಇಲ್ಲ. ಒಳಗೆ ಗಾಳಿ ಬೀಸ್ತಿದೆ. ತುಂಬಾ ದೂರದಲ್ಲಿ, ಯಾವುದೋ ಒಂದು ಬಾಗಿಲು ಹಾಕಿಲ್ಲ. ಪಟ್, ಪಟ್ ಅಂತ ಹೊಡ್ಕೊಳ್ತಾ ಇದೆ."

ನಕ್ಷೆಗಾರ ಪತ್ರಿಕೆಯನ್ನು ತೊಡೆಯ ಮೇಲಿಳಿಸಿದ. ಎರಡು ವರ್ಷ ಅವನು ದೈತ್ಯರನ್ನು ನಡೆಸಿದ್ದ. ಅವರ ಚಿಲಕದ ಎತ್ತರ ಗೊತ್ತಿತ್ತು, ಚಮಚದ ಉದ್ದ ಗೊತ್ತಿತ್ತು. ಅವರ ಒಳಗೆ ಏನಿದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹೊಟ್ಟೆಯಲ್ಲಿ ಉರಿ ಎದ್ದಿತು. ಹಿಂದಿನದಕ್ಕಿಂತ ಜೋರಾದ ಉರಿ, ಏಕೆಂದರೆ ಕಡ್ಡಿ ಗೀರಿ ಕೊಟ್ಟವನು ತಾನೇ.

ಆಟ ಅಲ್ಲಿಗೆ ನಿಂತಿತು. ಆ ಬಾಗಿಲ ಹಿಂದೆ ಏನಿದೆ ಎಂದು ಮೆಕ್ಯಾನಿಕ್ ಗೋಗರೆದರೂ ನಾದಿನಿ ತುಟಿ ಬಿಚ್ಚಲಿಲ್ಲ. ನೇರ ಇಸ್ತ್ರಿ ಮೇಜಿನ ಹತ್ತಿರ ಬಂದಳು.

"ಭಾವ, ಏನು ತಲೆ ನಿಮ್ಮದು! ಮೊದಲು ತಪ್ಪು ಅಂದ್ಕೊಂಡು ಬೆವರಿಬಿಟ್ಟೆ. ಆಮೇಲೆ ಹೊಳೀತು, ಭಾವ ತಪ್ಪು ಮಾಡೋರಲ್ಲ. ನನಗೊಂದು ಗುಟ್ಟು ಇಟ್ಟಿದ್ದೀರಿ ಅಂತ. ಹೌದು ತಾನೇ?"

ಹೌದು ಎಂದರೆ ಸಾಕಿತ್ತು. ಮೆಕ್ಯಾನಿಕ್ ಆಗಲೇ "ಗುರುಗಳು ಗುರುಗಳೇ" ಎನ್ನುತ್ತಿದ್ದ. ಒಂದು ಮಾತಿನಲ್ಲಿ ಆ ಬಾಗಿಲೂ ಗಾಳಿಯೂ ಅವನದಾಗುತ್ತಿತ್ತು. ಬಾಯಿ ತೆರೆದ. ಹೆಂಡತಿ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತ ಅವನನ್ನೇ ನೋಡುತ್ತಿದ್ದಳು. ಒಂಬತ್ತು ಪಟ್ಟು ಬಟ್ಟೆ ಎಂದು ಬಾಯಿಲೆಕ್ಕದಲ್ಲೇ ಹೇಳಿದವಳಿಗೆ ತೂಕದ ಲೆಕ್ಕ ತಿಳಿಯದೆ ಇರುತ್ತದೆಯೇ? ಗಂಡ ಅರ್ಧ ಇಂಚಿಗೆ ನಕ್ಷೆ ವಾಪಸ್ ಕಳಿಸುವವನೆಂಬುದೂ ಅವಳಿಗೆ ಗೊತ್ತು.

"ಇಲ್ಲ," ಎಂದ ನಕ್ಷೆಗಾರ. "ಗುಟ್ಟಲ್ಲ. ನೀನು ಎಲ್ಲರ ಮುಂದೆ ಎಡವಲಿ ಅಂತ ಬರೆದೆ."

ಮೆಕ್ಯಾನಿಕ್‌ನಿಗೆ ಇದ್ದಕ್ಕಿದ್ದಂತೆ ಚಪ್ಪಲಿ ಹುಡುಕುವ ಕೆಲಸ ನೆನಪಾಯಿತು. ಗ್ರಂಥಾಲಯದಾಕೆಯೂ ಅವನ ಹಿಂದೆ ಹೋದಳು.

"ಯಾಕೆ ಭಾವ?" ಎಂದಳು ನಾದಿನಿ. ಸಿಟ್ಟಿಗಿಂತ ಸೋಜಿಗವೇ ಹೆಚ್ಚಿತ್ತು.

ಅವನು ಹೆಂಡತಿಯ ಕಡೆ ಕೈ ತೋರಿಸಿದ. "ಒಂಬತ್ತು ವರ್ಷ ಇವಳು ನನ್ನ ಮೇಜಿಗೆ ಬರಲಿಲ್ಲ."

"ಬಂದಿದ್ದೆ," ಎಂದಳು ಹೆಂಡತಿ. "ಒಂದು ಸಲ. ಮೊದಲನೇ ವರ್ಷ. ಅಲ್ಲೂ ಒಬ್ಬ ದೈತ್ಯ ಇದ್ದ. ನಿನ್ನ ಅಂಗಿ ಯಾರು ಹೊಲಿದ್ರು ಅಂತ ಕೇಳಿದೆ. ನೀವು ಅಂದ್ರಿ, 'ಅದು ಆಟಕ್ಕೆ ಬೇಕಾಗಿಲ್ಲ, ದಾಳ ಹಾಕು.' ಟೀ ಮಾಡ್ತೀನಿ ಅಂತ ಎದ್ದೆ. ವಾಪಸ್ ಬರಲಿಲ್ಲ. ನೀವು ಕರೀಲೂ ಇಲ್ಲ."

ಅವನಿಗೆ ಆ ಟೀ ನೆನಪಿತ್ತು. ಪ್ರಶ್ನೆ ನೆನಪಿರಲಿಲ್ಲ.

ನಾದಿನಿ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. "ಸಲಹೆಗಳು ಚೆನ್ನಾಗಿವೆ, ನಾನೇ ಇಟ್ಕೋತೀನಿ. ಶಿಕ್ಷೆ ಏನಂದ್ರೆ, ಮುಂದಿನ ವಾರ ನೀವೂ ಆಡಬೇಕು. ಪಾತ್ರ ನಾನೇ ಕೊಡ್ತೀನಿ. ನಕ್ಕರೆ ಸಹಿಸ್ಕೋಬೇಕು."

ಮುಂದಿನ ಭಾನುವಾರ ನಕ್ಷೆಗಾರ ಕತ್ತರಿಸುವ ಮೇಜಿನ ಮೂಲೆಯಲ್ಲಿ ಕೂತ. ಅವನ ಪಾತ್ರ ದರ್ಜಿಯ ಗಂಟು ಹೊರುವ ಕತ್ತೆ. ಮಾತು ಬರುವ ಕತ್ತೆ, ಅಷ್ಟು ದಯೆ ತೋರಿಸಿದ್ದಳು.

ದೈತ್ಯ ಬಾಯಿ ತೆರೆದ. ಆ ಬಾಗಿಲನ್ನು ಹುಡುಕಲು ಎಲ್ಲರೂ ಒಬ್ಬೊಬ್ಬರಾಗಿ ಅವನ ನಾಲಿಗೆಯ ಮೇಲೆ ನಡೆದು ಒಳಗೆ ಇಳಿಯಬೇಕಿತ್ತು. ಮೂರು ಪಟ್ಟಿನ ಬಾಯಲ್ಲಿ ಮನುಷ್ಯರೇ ಹಿಡಿಸುವುದಿಲ್ಲ, ಕತ್ತೆಯಂತೂ ಇಲ್ಲವೇ ಇಲ್ಲ. ಬಾಯಿಯ ಅಗಲ ಆರು ಇಂಚು, ಏಳು ಇಂಚು, ಅಷ್ಟೇ. ಆ ಲೆಕ್ಕ ನಕ್ಷೆಗಾರನ ನಾಲಿಗೆಯ ತುದಿಗೆ ಬಂತು. ಮೇಜಿನ ಕೆಳಗೆ ಹೆಂಡತಿಯ ಕಾಲು ಅವನ ಕಾಲನ್ನು ಒತ್ತಿತು.

ನಾದಿನಿ ಕಾಯುತ್ತಿದ್ದಳು. ಎಷ್ಟು ಸಲೀಸಾಗಿ ಕಾಯುತ್ತಾಳೆ ಎಂದು ಅವನಿಗೆ ಮತ್ತೆ ಹೊಟ್ಟೆ ಉರಿಯಿತು. ತಾನಾಗಿದ್ದರೆ ಈ ಹೊತ್ತಿಗೆ ಅಂಕಿ ಹೇಳಿ ಮುಗಿಸಿರುತ್ತಿದ್ದ.

"ನಾನು ದೈತ್ಯನನ್ನ ಒಂದು ಮಾತು ಕೇಳ್ತೀನಿ," ಎಂದ.

"ಕೇಳಿ."

"ಒಳಗೆ ಆ ಬಾಗಿಲು ಹೊಡ್ಕೊಳ್ತಿದೆಯಲ್ಲ... ನಿನಗೆ ನಿದ್ದೆ ಬರುತ್ತೇನಪ್ಪ?"

ನಾದಿನಿ ದಾಳವನ್ನು ಅವನ ಕಡೆ ತಳ್ಳಿದಳು. ಆಮೇಲೆ ದೈತ್ಯನ ದನಿಯಲ್ಲಿ, "ಇದನ್ನ ಯಾರೂ ಕೇಳಿರಲಿಲ್ಲ," ಎಂದಳು. "ದಾಳ ಹಾಕು, ಕತ್ತೆ."

ಹಾಕಿದ. ಎರಡು ಬಿತ್ತು.

ದೈತ್ಯ ಸೀನಿದ. ಕತ್ತೆ ನದಿಯ ಆಚೆ ಹೋಗಿ ಬಿತ್ತು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ, ಮೇಜು ಬಡಿದು, ಉಸಿರು ಸಿಕ್ಕಿಕೊಂಡು ನಕ್ಕವಳು ಪಕ್ಕದಲ್ಲೇ ಕೂತಿದ್ದಳು. ದಾರದ ಉಂಡೆಗಳು ಉರುಳಿ ಹಳ್ಳಿ ಚದುರಿತು. ನಕ್ಷೆಗಾರ ಬಗ್ಗಿ ಒಂದೊಂದನ್ನೇ ಹೆಕ್ಕಿ, ಅವಳ ನಗು ನಿಲ್ಲುವವರೆಗೂ ನಿಧಾನವಾಗಿ, ಮತ್ತೆ ಸಾಲಾಗಿ ನಿಲ್ಲಿಸಿದ.