ನೆಲ ಒಣಗುವ ಹೊತ್ತು

ರಾತ್ರಿ ಕಳೆಯುವಷ್ಟರಲ್ಲಿ ಹಿಟ್ಟು ಒಣಗಿ ಕಲ್ಲಾಗಿತ್ತು. ವೀಕ್ಷಾ ಮೊಣಕಾಲೂರಿ ಕುಳಿತು ಉಗುರಿನ ತುದಿಯಿಂದ ಅದರ ಅಂಚನ್ನು ಮುಟ್ಟಿದಳು. ರೂಪಾಯಿ ನಾಣ್ಯದಷ್ಟು ಅಗಲದ ಇಡ್ಲಿ ಹಿಟ್ಟಿನ ಬೊಟ್ಟು. ನಡುವೆ ಸ್ವಲ್ಪ ಉಬ್ಬಿಕೊಂಡು, ಸುತ್ತ ಕೂದಲೆಳೆಯಂಥ ಬಿರುಕು ಬಿಟ್ಟು, ಬೂದು ಬಣ್ಣದ ಟೈಲ್ಸಿಗೆ ಕಚ್ಚಿ ಕುಳಿತಿತ್ತು. ಪಕ್ಕದಲ್ಲಿ ಬಕೆಟ್ಟಿತ್ತು, ಬಕೆಟ್ಟಿನ ಬಾಯಿಗೆ ಹಿಂಡಿದ ಬಟ್ಟೆ ಜೋತುಬಿದ್ದಿತ್ತು. ಉಳಿದ ನೆಲವನ್ನೆಲ್ಲ ಅವಳು ಆಗಲೇ ಒರೆಸಿ ಮುಗಿಸಿದ್ದಳು. ಉಳಿದದ್ದು ಇದೊಂದೇ.

"ನೆನೆಸಿ ಕೆರೆದು ತೆಗೆದುಬಿಡು," ಎಂದು ಜಯಪ್ರಕಾಶ್ ನಿನ್ನೆ ಹೋಗುವ ಮುಂಚೆ ಹೇಳಿದ್ದ. "ಆಯಮ್ಮ ಬರೋ ಹೊತ್ತಿಗೆ ಅದೇ ಜಾಗಕ್ಕೆ ಹೊಸ ಹಿಟ್ಟು ಒಂದು ಡ್ರಾಪ್ ಇಡು. ನೋಡೋಕೆ ಎರಡೂ ಒಂದೇ. ಮೆಷಿನ್ ಒಂದು ಸಲ ಹೋದ್ರೆ ಕ್ಲೀನ್. ಪುರಿಞ್ಜುದಾ, ಅರ್ಥ ಆಯ್ತಾ?"

ಮದರಾಸಿನ ಪುರಸೈವಾಕ್ಕಂನ ಆ ದೊಡ್ಡ ಅಂಗಡಿಯ ಎರಡನೇ ಮಹಡಿಗೆ ಜಯಪ್ರಕಾಶನೇ ಮೇಲ್ವಿಚಾರಕ; ಗಿರಾಕಿಗಳೊಡನೆ ತಮಿಳು, ವೀಕ್ಷಾಳೊಡನೆ ತಮಿಳು ಬೆರೆತ ಕನ್ನಡ. ಮಿಕ್ಸಿ, ಗ್ರೈಂಡರುಗಳ ಸಾಲು ಮುಗಿದ ಮೇಲೆ ಒಂದು ಮೂಲೆಯಲ್ಲಿ ಟೈಲ್ಸ್ ಹಾಕಿ, ಸೋಫಾ ಮತ್ತು ಸಣ್ಣ ಮೇಜು ಇಟ್ಟು, ಮನೆಯ ಹಾಲಿನಂತೆ ಮಾಡಿದ್ದರು. ನೆಲ ಒರೆಸುವ ಯಂತ್ರವನ್ನು ಓಡಿಸಿ ತೋರಿಸುವ ಜಾಗ ಅದು. ಎರಡು ತಿಂಗಳಲ್ಲಿ ಐದು ಯಂತ್ರ ಮಾರಾಟವಾಗಿದ್ದವು, ಅದರಲ್ಲಿ ಎರಡು ವಾಪಸ್ ಬಂದಿದ್ದವು. ಈ ಶನಿವಾರದೊಳಗೆ ಇನ್ನೊಂದಾದರೂ ಹೋಗದಿದ್ದರೆ ಸೋಮವಾರದಿಂದ ಆ ಮೂಲೆಗೆ ಬೇರೆ ಸಾಮಾನು ಬರುತ್ತದೆ, ವೀಕ್ಷಾ ಮತ್ತೆ ನೆಲಮಾಳಿಗೆಯ ಗೋಡೌನಿಗೆ ಇಳಿಯಬೇಕು ಎಂದು ಅವನು ಎರಡು ಸಲ ಹೇಳಿದ್ದ. ಇವತ್ತು ಶನಿವಾರ.

ಗೋಡೌನಿನಲ್ಲಿ ಒಂದೂವರೆ ವರ್ಷ ಲೇಬಲ್ ಅಂಟಿಸಿದವಳು ಅವಳು. ಅಲ್ಲಿ ಕಿಟಕಿ ಇರಲಿಲ್ಲ, ಯಾರೊಡನೆಯೂ ಮಾತಾಡಬೇಕಾಗಿಯೂ ಇರಲಿಲ್ಲ. ಎರಡನೆಯದು ಅವಳಿಗೆ ಒಗ್ಗಿತ್ತು. ತಮಿಳು ಶಾಲೆಯ ಒಂಬತ್ತನೇ ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದು ಎಂದರೆ ಪುಸ್ತಕದಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ವರ್ಷದ ನಡುವೆ ಅಮ್ಮ ಹಾಸಿಗೆ ಹಿಡಿದಾಗ ಮನೆಯಲ್ಲಿ ನಿಂತವಳು ಮತ್ತೆ ಶಾಲೆಗೆ ಹೋಗಲಿಲ್ಲ. ಆದರೆ ಮೇಲೆ ಬಂದು ಈ ಯಂತ್ರವನ್ನು ನೋಡಿದ ಮೇಲೆ ಕೆಳಗೆ ಹೋಗುವುದು ಬೇಡವೆನಿಸತೊಡಗಿತ್ತು.

ಮಣೆಯಷ್ಟು ಅಗಲದ ಉರುಟು ಯಂತ್ರ. ಹೊಟ್ಟೆಯ ಕೆಳಗೆ ಎರಡು ಒದ್ದೆ ಬಟ್ಟೆಗಳು ಗಿರಗಿರ ತಿರುಗುತ್ತಿದ್ದವು. ಗೋಡೆಯ ಗುಂಟ ಹೋಗಿ, ಸೋಫಾದ ಕಾಲನ್ನು ಮುಟ್ಟಿ, ಹಿಂದೆ ಸರಿದು, ಯೋಚಿಸಿದ ಹಾಗೆ ನಿಂತು, ಮತ್ತೆ ಹೊರಡುತ್ತಿತ್ತು. ಒಂದು ದಿನ ಯಾರೋ ಕಪ್ಪು ಕಾಲೊರಸು ಹಾಸಿದಾಗ ಅದನ್ನು ಗುಂಡಿ ಎಂದುಕೊಂಡು ಅಂಚಿನಲ್ಲೇ ನಿಂತುಬಿಟ್ಟಿತ್ತು. ಬಾಯಾರಿದರೆ ತಾನೇ ತನ್ನ ಪೆಟ್ಟಿಗೆಗೆ ಹೋಗಿ ನೀರು ತುಂಬಿಸಿಕೊಂಡು ಬರುತ್ತಿತ್ತು. ಅದು ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಎಂದು ವೀಕ್ಷಾ ದಿನವಿಡೀ ನೋಡುತ್ತಿದ್ದಳು.

ಆದರೆ ಒಂದು ವಿಷಯ ಅವಳಿಗೆ ಇನ್ನೂ ತಿಳಿದಿರಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅವಳೇ ಕುಳಿತು ಆ ನೆಲವನ್ನು ಮೂಲೆಮೂಲೆಯೂ ಒರೆಸಿ ಇಡಬೇಕಿತ್ತು. ಹೊಳೆಯುವ ನೆಲದ ಮೇಲೆ ಓಡಿದ ಯಂತ್ರಕ್ಕೆ ಹೊಳಪಿನ ಹೆಸರು ಬರುತ್ತಿತ್ತು. ಗಿರಾಕಿಗಳೆದುರು ಹಸಿ ಸಾಸ್ ಚೆಲ್ಲುವುದು, ಯಂತ್ರ ಕೂಡಲೇ ಒರೆಸುವುದು. ನಿಜವಾದ ಕೊಳೆಯ ಎದುರು ಅದು ಏನು ಮಾಡುತ್ತದೆ ಎನ್ನುವುದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

ನಿನ್ನೆ ಸಂಜೆ ಬಂದ ಹೆಂಗಸಿಗೂ ಸಾಸ್ ಚೆಲ್ಲಿಯೇ ತೋರಿಸಿದ್ದರು. ಎಪ್ಪತ್ತರ ಹತ್ತಿರದವರು, ಎಡಗಾಲನ್ನು ಸ್ವಲ್ಪ ಎಳೆದು ನಡೆಯುವವರು, ಕೈಯಲ್ಲಿ ಹಳದಿ ಬಟ್ಟೆಯ ಚೀಲ. "ವಾಂಗ ಮಾಮಿ, ವಾಂಗ," ಎಂದು ಜಯಪ್ರಕಾಶ್ ಕರೆದು ಕೂರಿಸಿದ್ದ. ಯಂತ್ರ ಸಾಸನ್ನು ಒರೆಸಿಕೊಂಡು ಹೋದ ಮೇಲೂ ಅವರು ಮುಖ ಸಡಿಲಿಸಲಿಲ್ಲ. ಹಸಿ ಸಾಸಾದರೆ ಬೆಕ್ಕು ನೆಕ್ಕಿದರೂ ಹೋಗುತ್ತದೆ, ಅದಕ್ಕೆ ಮೆಷಿನ್ ಯಾಕೆ ಎಂದು ತಮಿಳಿನಲ್ಲಿ ಕೇಳಿ, ಚೀಲದಿಂದ ಇಡ್ಲಿ ಹಿಟ್ಟಿನ ಪೊಟ್ಟಣ ತೆಗೆದು, ಮೂಲೆ ಹರಿದು, ನೆಲದ ನಟ್ಟನಡುವೆ ಒಂದು ಬೊಟ್ಟು ಇಟ್ಟರು. ಒರೆಸಬೇಡಿ, ನಾಳೆ ಬರುತ್ತೇನೆ ಎಂದರು. ಲಿಫ್ಟಿನ ಕಡೆ ಹೋಗುವಾಗ ತಮ್ಮಷ್ಟಕ್ಕೆ, "ಕಾಂಬ, ಎಂತ ಆತ್ತ್ ಕಾಂಬ," ಎಂದುಕೊಂಡರು.

ಅದು ವೀಕ್ಷಾಳ ಮನೆಯ ಮಾತು, ಕುಂದಾಪುರ ಕಡೆಯ ಕನ್ನಡ: ನೋಡೋಣ, ಏನಾಗುತ್ತದೋ ನೋಡೋಣ. ಅಮ್ಮ ಅನ್ನದ ಪಾತ್ರೆಯ ಮುಚ್ಚಳ ತೆಗೆಯುವಾಗ ಹೇಳುವ ಮಾತು. ಅಂಗಡಿಯಲ್ಲಿ ಅದನ್ನು ಅವಳು ಕೇಳಿದ್ದು ಅದೇ ಮೊದಲು. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಏನಾದರೂ ಹೇಳಬೇಕೆಂದು ನಿಂತಿದ್ದಳು.

ಈಗ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ಆ ಬೊಟ್ಟನ್ನೇ ನೋಡಿದಳು. ಕೆಳಗೆ ಶಟರ್ ಎತ್ತುವ ಸದ್ದು ಕೇಳಿಸಿತು. ಇದು ಹೋಗುತ್ತದೋ, ಹೋಗುವುದಿಲ್ಲವೋ? ಕೆರೆದು ತೆಗೆದರೆ ಇನ್ನು ಯಾವತ್ತೂ ತಿಳಿಯುವುದಿಲ್ಲ. ಅವಳು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದುಬಿಟ್ಟಳು.

ಹನ್ನೊಂದಕ್ಕೆ ಅವರು ಬಂದರು. ಬಂದವರೇ ಬಗ್ಗಿ, ಉಗುರಿನಿಂದ ಹಿಟ್ಟನ್ನು ತಟ್ಟಿ ನೋಡಿ, ತಲೆಯಾಡಿಸಿದರು. ಅವರು ಹಾಗೆ ತಟ್ಟಿದ್ದು ಜಯಪ್ರಕಾಶನ ಕಣ್ಣಿಗೆ ಬೀಳಲಿಲ್ಲ. ಹಿಟ್ಟು ಹೊಸದೆಂದೇ ನಂಬಿದ್ದ ಅವನು ವೀಕ್ಷಾಳ ಕಡೆ ಹುಬ್ಬು ಹಾರಿಸಿ, ಯಂತ್ರದ ಗುಂಡಿ ಒತ್ತಿದ. "ಪಾರುಂಗ ಮಾಮಿ, ಮ್ಯಾಜಿಕ್!"

ಯಂತ್ರ ಗೋಡೆಯ ಗುಂಟ ಹೋಗಿ, ತಿರುಗಿ, ನಡುವಿಗೆ ಬಂತು. ಹಿಟ್ಟಿನ ಮೇಲೆ ಹತ್ತಿ ಇಳಿಯಿತು. ಹಿಟ್ಟು ಅಲ್ಲೇ ಇತ್ತು, ಒದ್ದೆಯಾಗಿ ಇನ್ನೂ ಬೆಳ್ಳಗೆ ಕಂಡಿತು. ಜಯಪ್ರಕಾಶನ ನಗು ಮುಖದ ಮೇಲೆ ಹಾಗೇ ನಿಂತಿತು. ಸೆಕೆಂಡ್ ರೌಂಡ್ ಇದೆ ಎಂದ. ಎರಡನೇ ಸುತ್ತಿಗೆ ಅಂಚಿನ ಒಂದು ಚೂರು ಎದ್ದುಬಂತು. ಮೂರನೆಯದಕ್ಕೆ ಅದೂ ಇಲ್ಲ. ವೀಕ್ಷಾಳಿಗೆ ತನ್ನ ಕೆಲಸದ ನೆನಪೇ ಹೋಗಿತ್ತು. ಅಂಚು ಬಿಡುತ್ತದೆ, ನಡು ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

ಜಯಪ್ರಕಾಶ್ ಅವಳ ಪಕ್ಕಕ್ಕೆ ಸರಿದು ಹಲ್ಲು ಕಚ್ಚಿ ಹೇಳಿದ: "ಏನಮ್ಮಾ ಇದು? ನಾನು ಹೇಳಿದ್ದೇನು, ನೀನು ಮಾಡಿದ್ದೇನು? ಗೋಡೌನ್ ಅಷ್ಟು ಇಷ್ಟವಾ ನಿನಗೆ?"

"ಅವ್ಳಿಗ್ ಎಂತ ಮಾಡುಕ್ ಹೇಳಿದ್ರಿ?" ಎಂದರು ಆ ಹೆಂಗಸು.

ಜಯಪ್ರಕಾಶ್ ಬೆಚ್ಚಿಬಿದ್ದ. "ಅಯ್ಯೋ, ಮಾಮಿ ಕನ್ನಡವಾ?"

"ಮಾಮಿ ಅಲ್ಲ, ಜಲಜಾಕ್ಷಿ. ಕುಂದಾಪುರದವಳು. ಇಲ್ಲೇ ಅಯನಾವರಕ್ಕೆ ಬಂದು ನಲವತ್ತು ವರ್ಷ ಆಯ್ತು. ಈ ಊರಲ್ಲಿ ಅಂಗಡಿಯವರು ಕನ್ನಡದಲ್ಲಿ ಬೈಯೋದನ್ನ ಇವತ್ತೇ ಕೇಳಿದ್ದು."

"ಬೈದಿದ್ದಲ್ಲ ಅಮ್ಮಾ, ಚುಮ್ಮಾ ಹೇಳಿದ್ದು..."

ಜಲಜಾಕ್ಷಿ ಅವನತ್ತ ನೋಡಲಿಲ್ಲ. ಅವರ ಕಣ್ಣು ಸೋಫಾದ ಕಾಲಿನ ಹಿಂದಿನ ಸಂದಿಗೆ ಹೋಯಿತು, ಅಲ್ಲಿಂದ ಮೂಲೆಗೆ, ಆಮೇಲೆ ವೀಕ್ಷಾಳ ಚೂಡಿದಾರದ ಮೊಣಕಾಲಿಗೆ. ಅಲ್ಲಿ ಎರಡು ಕಡೆ ಬಟ್ಟೆ ಸವೆದು ಬಣ್ಣ ಹೋಗಿತ್ತು.

"ಹೆಣೆ, ದಿನಾ ಈ ನೆಲ ಒರ್ಸುದ್ ಯಾರ್? ಈ ಆಮೆಯಾ?" ಎಂದು ಅವಳನ್ನೇ ಕೇಳಿದರು.

ಜಯಪ್ರಕಾಶ್ ಕೆಮ್ಮಿದ.

"ನಾನ್, ಅಮ್ಮ," ಎಂದಳು ವೀಕ್ಷಾ.

"ಹಾಂಗ್ ಹೇಳ್. ಉರುಟು ಮೆಷಿನಿಗೆ ಆ ಮೂಲೆ ಹ್ಯಾಂಗ್ ಸಿಕ್ಕತ್ತ್ ಅಂತ ನಿನ್ನೆಯಿಂದ ಯೋಚ್ನೆ ಮಾಡ್ತಾ ಇದ್ದಿದ್ದೆ. ಎಲ್ಲಿಯವ್ಳೆ ನೀನ್?"

"ಬಸ್ರೂರ್. ಅಪ್ಪಯ್ಯ ಇಲ್ಲೇ ಅಡ್ಯಾರಿನ ಹೋಟ್ಲಂಗೆ ದೋಸೆ ಹೊಯ್ತ್ರ್."

"ಹಾಂಗಾರೆ ನೀನೇ ಹೇಳ್, ಇವ್ರ್ ಹೇಳುದ್ ಬ್ಯಾಡ. ಇದ್ ಎಂತ ಮಾಡತ್ತ್, ಎಂತ ಮಾಡುದಿಲ್ಲೆ?"

ವೀಕ್ಷಾ ಅವರ ಮುಖ ನೋಡಲಿಲ್ಲ. ಯಂತ್ರ ತನ್ನ ಪೆಟ್ಟಿಗೆಗೆ ಮರಳಿ ಬಟ್ಟೆ ತೊಳೆದುಕೊಳ್ಳುತ್ತಿತ್ತು; ಅದನ್ನೇ ನೋಡುತ್ತ ನಿಂತಾಗ ಮಾತು ಸ್ವಲ್ಪ ಸ್ವಲ್ಪವಾಗಿ ಬಂತು. ದಿನದ ಧೂಳು ತೆಗೆಯುತ್ತದೆ, ಚೆನ್ನಾಗಿಯೇ ತೆಗೆಯುತ್ತದೆ. ಕೂಡಲೇ ಬಿಟ್ಟರೆ ಚೆಲ್ಲಿದ ಕಾಫಿಯನ್ನೂ. ಒಣಗಿದ ಹಿಟ್ಟು ಹೋಗುವುದಿಲ್ಲ, ಅದು ತನಗೂ ಇವತ್ತೇ ಗೊತ್ತಾದದ್ದು. ಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಬಿಟ್ಟೇ ಬಿಡುತ್ತದೆ. ಉದ್ದ ಕೂದಲು ಚಕ್ರಕ್ಕೆ ಸುತ್ತಿಕೊಂಡರೆ ಕೂತು ಬಿಡಿಸಬೇಕು. ಕೊಳೆ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲದಿದ್ದರೆ ನಾರುತ್ತದೆ. ಎರಡು ಬೆರಳೆತ್ತರದ ಹೊಸಿಲಿದ್ದರೆ ಹತ್ತುವುದಿಲ್ಲ.

"ದೇವ್ರ ಕೋಣೆ ಹೊಸಿಲ್ ಎತ್ರ ಇತ್ತ್," ಎಂದರು ಜಲಜಾಕ್ಷಿ. "ಹತ್ತುದ್ ಬ್ಯಾಡ. ಒಳ್ಳೇದೇ ಆಯ್ತ್. ಊರೆಲ್ಲ ತಿರ್ಗಿದ ಬಟ್ಟೆ ತಕಂಡ್ ಅಲ್ಲಿಗ್ ಬಪ್ಪುದ್ ಎಂತಕೆ?"

ಜಯಪ್ರಕಾಶ್ ಕೈ ಕಟ್ಟಿ ಮಿಕ್ಸಿಗಳ ಕಡೆ ನೋಡುತ್ತ ನಿಂತಿದ್ದ. ಇನ್ನು ಈ ಯಂತ್ರ ಮಾರಾಟವಾಗುವುದಿಲ್ಲ ಎನ್ನುವುದು ಅವನ ಬೆನ್ನಿನಲ್ಲೇ ಕಾಣುತ್ತಿತ್ತು.

ಜಲಜಾಕ್ಷಿ ಸೋಫಾದ ಮೇಲೆ ಕುಳಿತರು. ಸ್ವಲ್ಪ ಹೊತ್ತು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಡಿಸಿದರು. "ನಮ್ಮನೆಯವ್ರ್ ಜಾರಿ ಬಿದ್ದ್ರ್, ಫೆಬ್ರವರಿ ತಿಂಗ್ಳಂಗೆ," ಎಂದರು. "ನಾನ್ ಒರ್ಸಿದ ನೆಲದ ಮೇಲೆ. ರೈಲ್ವೆಯಂಗೆ ಮೂವತ್ತೈದ್ ವರ್ಷ ಓಡು ಗಾಡಿ ಹತ್ತಿ ಇಳ್ದವ್ರ್. ಸೊಂಟದ ಎಲುಬು ಮುರಿತ್. ಈಗ ವಾಕರ್ ಹಿಡ್ಕಂಡ್ ನಡಿತ್ರ್. ನಾನ್ ಒರ್ಸಿ, ಮತ್ತೆ ಒಣ ಬಟ್ಟೆ ತಕಂಡ್ ಕೂತ್ ಇನ್ನೊಂದ್ ಸಲ ಒರ್ಸ್ತೆ. ಅಷ್ಟ್ ಮಾಡಿರೂ ಅವ್ರ್ ಎದ್ದ್ ನಿಂತ್ರೆ ನಂಗೆ ಉಸ್ರ್ ನಿಲ್ಲತ್ತ್. ಹಿಟ್ಟ್ ಇದ್ರೆ ನಾನ್ ಚಾಕು ತಕಂಡ್ ಕೆರಿತೆ ಮಗಾ. ನಂಗೆ ಬೇಕಾದ್ದ್ ಒಂದೇ. ಇದ್ ಹೋದ್ಮೇಲೆ ನೆಲ ಎಷ್ಟ್ ಹೊತ್ತಿಗ್ ಒಣಗತ್ತ್?"

"ಒಂದೇ ನಿಮಿಷ ಅಮ್ಮಾ!" ಎಂದು ಜಯಪ್ರಕಾಶ್ ಒಮ್ಮೆಲೇ ತಿರುಗಿದ.

ವೀಕ್ಷಾ ತಲೆಯಲ್ಲಾಡಿಸಿದಳು. "ಅದ್ ಇಲ್ಲಿ, ಏಸಿ ಇದ್ದಲ್ಲಿ. ಏಸಿ ಇಲ್ದಿರೆ ಎಷ್ಟ್ ಹೊತ್ತ್ ಅಂತ ನಂಗೊತ್ತಿಲ್ಲೆ. ಓಡ್ಸಿ ಕಾಣ್ಕ್."

"ನಮ್ಮನೆ ಹಾಲಂಗೆ ಏಸಿ ಇಲ್ಲೆ," ಎಂದ ಜಲಜಾಕ್ಷಿ ಜಯಪ್ರಕಾಶನ ಕಡೆ ನೋಡಿದರು. "ನಿಲ್ಸಿ ಇದನ್ನ."

"ಫುಲ್ ಫ್ಲೋರ್ ಏಸಿ ಅಮ್ಮಾ! ಬೇರೆ ಕಸ್ಟಮರ್ಸ್..."

"ಎಲ್ಲಿದಾರೆ?"

ಗ್ರೈಂಡರುಗಳ ನಡುವೆ ಯಾರೂ ಇರಲಿಲ್ಲ. ಅವನು ಗೊಣಗುತ್ತ ಹೋಗಿ ಏಸಿ ನಿಲ್ಲಿಸಿ, ಬೀದಿಯ ಕಡೆಯ ಕಿಟಕಿ ತೆರೆದ. ವೀಕ್ಷಾ ಫ್ಯಾನುಗಳ ಸಾಲಿನಿಂದ ಒಂದನ್ನು ಎಳೆದು ತಂದಳು. ಕಾಲು ಗಂಟೆಯಲ್ಲಿ ಹೊರಗಿನ ಮದರಾಸಿನ ಸೆಕೆಯೆಲ್ಲ ಹಾರ್ನುಗಳ ಸಮೇತ ಒಳಗೆ ಬಂದು ತುಂಬಿತು. ಜಯಪ್ರಕಾಶನ ಅಂಗಿ ಬೆನ್ನಿಗೆ ಅಂಟಿತು. ಆಗ ಅವಳು ಗುಂಡಿ ಒತ್ತಿದಳು.

ಯಂತ್ರ ಹಾದುಹೋದ ಕಡೆ ನೆಲ ಕಪ್ಪಾಯಿತು. ಅವಳು ಕುಕ್ಕರಗಾಲಲ್ಲಿ ಕುಳಿತು, ಆ ಜಾಡಿಗೆ ಅಂಗೈಯ ಹಿಂಬದಿ ಮುಟ್ಟಿಸಿ, ಎಣಿಸತೊಡಗಿದಳು. ಅರವತ್ತಕ್ಕೆ ಒದ್ದೆ. ನೂರಕ್ಕೆ ತಣ್ಣಗೆ. ನೂರೈವತ್ತಕ್ಕೆ ಅಂಚುಗಳು ಬೆಳ್ಳಗಾಗಿ ನಡುವೆ ಮಾತ್ರ ಒಂದು ಗೆರೆ ಉಳಿಯಿತು. ಗಟ್ಟಿಯಾಗಿ ಎಣಿಸುತ್ತಿದ್ದೇನೆಂದು ಅವಳಿಗೇ ತಿಳಿದಿರಲಿಲ್ಲ. ಜಲಜಾಕ್ಷಿಯ ತುಟಿಯೂ ಜೊತೆಗೆ ಅಲುಗುತ್ತಿತ್ತು.

"ಇನ್ನೂರಾ ಹತ್ತ್," ಎಂದು ಕೈ ಎತ್ತಿದಳು. "ಈಗ ಒಣಗಿತ್."

ಜಲಜಾಕ್ಷಿ ಚಪ್ಪಲಿ ಕಳಚಿ ಎದ್ದರು. ವೀಕ್ಷಾಳ ಹೆಗಲಿನ ಮೇಲೆ ಕೈಯಿಟ್ಟು ಯಂತ್ರದ ಜಾಡಿನ ಮೇಲೇ ನಡೆದರು. ಹೆಜ್ಜೆಗೊಮ್ಮೆ ನಿಂತು ಹಿಮ್ಮಡಿಯನ್ನು ಬೇಕೆಂದೇ ಜಾರಿಸಿ ನೋಡಿದರು; ಜಾರಲಿಲ್ಲ. ಹಿಂದೆ ಒಂದೂ ಗುರುತು ಮೂಡಲಿಲ್ಲ. ಯಂತ್ರ ಕೊನೆಗೆ ಹಾದುಹೋದ ತುದಿಯಲ್ಲಿ ಮಾತ್ರ ಎರಡು ಹೆಜ್ಜೆಗಳು ಮೂಡಿದವು. ಅವು ಆರಿ ಕಾಣೆಯಾಗುವವರೆಗೂ ಅವರು ಅಲ್ಲೇ ನಿಂತು ನೋಡಿದರು. ಹೆಗಲ ಮೇಲಿನ ಕೈ ಹಗುರಾಗಿದ್ದು ವೀಕ್ಷಾಳಿಗೆ ತಿಳಿಯಿತು.

"ಒಂದ್ ಲೋಟ ಕಾಫಿ ಕುಡುಕೆ ಅವ್ರಿಗೆ ಇದ್ಕಿಂತ ಜಾಸ್ತಿ ಹೊತ್ತ್ ಬೇಕ್," ಎಂದರು. "ಕಾಫಿ ಕೊಟ್ಟ್ ಕೂರ್ಸಿ ಇದನ್ನ ಬಿಟ್ರೆ ಆಯ್ತ್." ಆಮೇಲೆ ಜಯಪ್ರಕಾಶನಿಗೆ, "ಕಟ್ಟಿಸಿ ಒಂದು. ಬಾಗಿಲಿಗೆ ಆಟೋ ಕರೆಸಿ. ಹಾಂ, ಏಸಿ ಹಾಕಿಕೊಳ್ಳಿ, ಪಾಪ."

ಅವರು ಹೋದ ಮೇಲೆ ಜಯಪ್ರಕಾಶ್ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನೆಲದ ಮೇಲಿನ ಹಿಟ್ಟನ್ನು ನೋಡಿದ. ವೀಕ್ಷಾ ಗೋಡೌನಿನ ಮೆಟ್ಟಿಲ ಕಡೆ ನೋಡುತ್ತ ಕಾದಳು.

"ಇದು ವಾಪಸ್ ಬಂದ್ರೆ ನಿನ್ನ ಕಥೆ ಇದೆ," ಎಂದ. ಎರಡು ಹೆಜ್ಜೆ ಹೋಗಿ ತಿರುಗಿದ. "ಇಷ್ಟೆಲ್ಲ ಮಾತು ಎಲ್ಲಿಟ್ಟಿದ್ದೆ ಮಾ ನೀನು, ಎರಡು ತಿಂಗಳಿಂದ?"

ಅವಳು ಫ್ಯಾನನ್ನು ಮತ್ತೆ ಅದರ ಸಾಲಿಗೆ ಎಳೆದುಕೊಂಡು ಹೋದಳು.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಅವಳು ಬಕೆಟ್ಟಿನಲ್ಲಿ ನೀರು ತುಂಬಿಸಿ ತಂದು ಎಂದಿನ ಜಾಗದಲ್ಲಿಟ್ಟಳು. ಭಾನುವಾರ ಅಂಗಡಿಗೆ ರಜೆ; ಶನಿವಾರ ತೆರೆದ ಕಿಟಕಿಯನ್ನು ಮುಚ್ಚಲು ಯಾರಿಗೂ ನೆನಪಾಗಿರಲಿಲ್ಲ. ಎರಡು ದಿನದ ಬೀದಿ ಧೂಳು ಟೈಲ್ಸಿನ ಮೇಲೆ ಹಾಸಿಕೊಂಡಿತ್ತು. ನಡುವೆ ಹಿಟ್ಟಿನ ಬೊಟ್ಟು. ಮೊಣಕಾಲು ಬಾಗಿಸಿದವಳು ಅರ್ಧಕ್ಕೇ ನಿಂತಳು. ಬಕೆಟ್ ಎತ್ತಿಕೊಂಡು ಹೋಗಿ ನೀರು ಚೆಲ್ಲಿ, ಅದನ್ನು ಬೋರಲು ಹಾಕಿ, ಒಣ ಬಟ್ಟೆಯನ್ನು ಮಡಚಿ ಅದರ ಮೇಲಿಟ್ಟು ಬಂದಳು.

ಯಂತ್ರ ಪೆಟ್ಟಿಗೆಯಿಂದ ಹೊರಬಂದು ಧೂಳಿನ ನಡುವೆ ಒಂದು ಅಗಲವಾದ ದಾರಿ ಬಿಡಿಸುತ್ತ ಹೋಯಿತು. ವೀಕ್ಷಾ ಸೋಫಾದ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಆ ದಾರಿಯ ಮೇಲೆ ಅಂಗೈಯ ಹಿಂಬದಿ ಇಟ್ಟು, ಒಂದರಿಂದ ಎಣಿಸತೊಡಗಿದಳು.